ತೊಂಬತ್ತೊಂದು ಡಬ್ಬಿ

ಮಾರ್ಚ್ 4, ಭಾನುವಾರ

ಅಪ್ಪನಿಗೆ,

ನಮ್ಮ ಲಾಂಡ್ರಿಯ ಒಪ್ಪಂದ ಜೂನ್ ಮೂವತ್ತಕ್ಕೆ ಮುಗಿಯುತ್ತದೆ. ಕೆಲಸಗಾರರು ಇನ್ನೂರ ಅರವತ್ತು ಜನ. ಅವರಲ್ಲಿ ಯೂನಿಯನ್ನಿನ ಸದಸ್ಯತ್ವದ ಚೀಟಿ ಇರುವವರು ಇನ್ನೂರ ಮೂವತ್ತೊಂದು. ಹೊಸ ಒಪ್ಪಂದದ ಮಾತುಕತೆಗೆ ನಮ್ಮ ಕಡೆಯಿಂದ ಐವರು ಕೂರುತ್ತೇವೆ, ಮೊದಲ ಕುರ್ಚಿ ನನ್ನದು. ಹಳೆಯ ಕಾರ್ಯದರ್ಶಿ ಬೆನ್ನುನೋವೆಂದು ಬಿಟ್ಟುಕೊಟ್ಟರು. ಮುಂದೆ ಯಾರು ಎಂದು ಕೇಳಿದಾಗ ಸಭೆಯಲ್ಲಿ ಎಲ್ಲರೂ ನೆಲ ನೋಡುತ್ತಿದ್ದರು. ನಾನೊಬ್ಬಳು ತಲೆ ಎತ್ತಿದ್ದೆ. ನನ್ನ ಅರ್ಹತೆ ಅಷ್ಟೇ.

ಫೋನಿನಲ್ಲಿ ಹೇಳಿದರೆ ಅತ್ತಿಗೆ ಅದನ್ನು ನಿಮ್ಮ ಕಿವಿಯ ಬಳಿ ಕೂಗಬೇಕು. ಇದು ಕೂಗುವ ವಿಷಯವಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀವು ನಮ್ಮ ಹಾಲ್ ನೋಡಿಲ್ಲ. ಆಸ್ಪತ್ರೆಗಳ ಬೆಡ್‌ಶೀಟುಗಳು ಒಗೆದು ಬಂದ ಮೇಲೆ ಬಿಸಿ ರೋಲರಿಗೆ ಹೋಗುತ್ತವೆ. ಅಂಥ ರೋಲರುಗಳು ಆರು. ಒಂದೊಂದರ ಮುಂದೆ ಇಬ್ಬರು ಹೆಂಗಸರು, ಒದ್ದೆ ಶೀಟಿನ ಎರಡು ಮೂಲೆ ಹಿಡಿದು ಒಳಗೆ ಕೊಡುತ್ತೇವೆ. ಎಡಮೂಲೆ ನನ್ನ ಜೊತೆಗಾತಿಯದು, ಎಡಚಿಯಾದ್ದರಿಂದ ಅವಳಿಗೆ ಎಡಗೈ ಅಕ್ಕ ಎಂದೇ ಹೆಸರು. ಬಲಮೂಲೆ ನನ್ನದು. ಹದಿನೆಂಟು ವರ್ಷದಿಂದ ಹಾಗೇ. ಡಿಸೆಂಬರಿನಲ್ಲಿ ಎರಡನೇ ರೋಲರಿಗೆ ಎಡಮೂಲೆ ಹಿಡಿದುಕೊಳ್ಳುವ ಕ್ಲಿಪ್ ಕೂರಿಸಿ, ಒಬ್ಬಳೇ ಸಾಕು ಎಂದರು. ಜನವರಿಯಲ್ಲಿ ಅಲ್ಲಿದ್ದಾಕೆಯ ಕೈ ಶೀಟಿನ ಜೊತೆಗೇ ಒಳಗೆ ಹೋಯಿತು. ಮುಟ್ಟಿದರೆ ಮಷೀನು ನಿಲ್ಲಬೇಕಾದ ತಡೆಕಂಬಿಯನ್ನು ಕ್ಲಿಪ್ ಕೂರಿಸುವಾಗ ಬಿಚ್ಚಿದ್ದರು, ಮತ್ತೆ ಹಾಕಿರಲಿಲ್ಲ. ಮೂರು ಬೆರಳು ಹೋದವು. ಪಕ್ಕದಲ್ಲಿ ಇನ್ನೊಬ್ಬಳಿದ್ದಿದ್ದರೆ ಎಳೆದುಕೊಳ್ಳುತ್ತಿದ್ದಳು. ನಮ್ಮ ಬೇಡಿಕೆ ಇಷ್ಟೇ: ಆರಕ್ಕೂ ತಡೆಕಂಬಿ, ಆರಕ್ಕೂ ಇಬ್ಬರು.

ಮೊದಲ ಮಾತುಕತೆ ಶುಕ್ರವಾರ ಆಯಿತು. ಪ್ಯಾಕಿಂಗ್ ವಿಭಾಗದ ಮೇಲಿನ ಕೋಣೆ, ಕಬ್ಬಿಣದ ಮೆಟ್ಟಿಲು. ಬಾಗಿಲಿಗೆ ಸ್ಪ್ರಿಂಗ್ ಇದೆ, ಕೈ ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ಮುಚ್ಚಿದ ಕೂಡಲೇ ಕೆಳಗಿನ ಸದ್ದೆಲ್ಲ ಮಾಯ. ಹದಿನೆಂಟು ವರ್ಷ ಆ ಸದ್ದಿನಲ್ಲಿದ್ದವಳು ಆ ಮೌನದಲ್ಲೂ ಕೂಗಿಯೇ ನಮಸ್ಕಾರ ಹೇಳಿದೆ. ಮ್ಯಾನೇಜರ್ ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ, ನಮ್ಮ ಕಡೆ ಮುಖ ಮಾಡಿ ಇಡುತ್ತಾರೆ. ಅವರಿಗೆ ಗಡಿಯಾರ ಸಾಹೇಬರು ಎಂದೇ ಹೆಸರು. ಮೊದಲು ಒಂದು ಹಾಳೆ ಮುಂದೆ ತಳ್ಳಿದರು. ಮಾತುಕತೆಯ ನಿಯಮಗಳು. ಒಂದೊಂದು ಕಡೆಯಿಂದ ಐವರೇ ಕೂರಬೇಕು, ಕೋಣೆಯಲ್ಲಿ ಆಡಿದ್ದು ಸಹಿ ಬೀಳುವವರೆಗೆ ಹೊರಗೆ ಹೋಗಕೂಡದು. ‘ಪ್ರತಿ ಸಲದ ಹಾಗೇ’ ಅಂದರು. ಸಹಿ ಹಾಕಿದೆ.

ನೀವು ಮಿಲ್ಲಿನಲ್ಲಿ ಎಂಟು ಒಪ್ಪಂದ ಮಾಡಿದವರು. ಆ ಮೇಜಿನ ಮುಂದೆ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕು ಎಂಬುದರಿಂದಲೇ ಶುರುಮಾಡಿ ಹೇಳಿ. ಇನ್ನೊಂದು ವಿಷಯ. ಏಳು ಒಪ್ಪಂದಗಳ ಕಥೆ ನನಗೆ ಬಾಯಿಪಾಠ. ಎಂಟನೆಯದರ ಬಗ್ಗೆ ನೀವು ಯಾವತ್ತೂ ಏನೂ ಹೇಳಲಿಲ್ಲ. ಯಾಕೆ?

ನಿಮ್ಮ ಮಗಳು


ಮಾರ್ಚ್ 12

ಮಗಳೇ,

ಪತ್ರ ಸೇರಿತು. ನಿನ್ನ ಅಣ್ಣ ಕಿವಿಗೆ ಹೊಸ ಯಂತ್ರ ತಂದಿದ್ದಾನೆ. ಹಾಕಿಕೊಂಡರೆ ಕುಕ್ಕರಿನ ಹಾಗೆ ಸೀಟಿ ಹೊಡೆಯುತ್ತದೆಯಂತೆ. ಆ ಸೀಟಿ ಮನೆಯವರಿಗೆಲ್ಲ ಕೇಳಿಸುತ್ತದೆ, ನನ್ನೊಬ್ಬನನ್ನು ಬಿಟ್ಟು. ಡ್ರಾಯರಿನಲ್ಲಿಟ್ಟಿದ್ದೇನೆ.

ಕೈಗಳನ್ನು ಮೇಜಿನ ಮೇಲಿಡು, ಒಂದರ ಮೇಲೊಂದು. ಕೆಳಗಿಟ್ಟರೆ ಹೆದರಿದ್ದೀ ಎನ್ನುತ್ತಾರೆ. ಮೇಲಿಟ್ಟು ಆಡಿಸಿದರೂ ಅದನ್ನೇ ಎನ್ನುತ್ತಾರೆ. ಅವರು ಕೊಟ್ಟ ನೀರು ಕುಡಿ, ಚಹಾ ಬೇಡ. ಚಹಾ ಕುಡಿದ ಮನುಷ್ಯನಿಗೆ ಋಣದ ಭಾವನೆ ಬರುತ್ತದೆ. ಅವರು ಒಂದು ಮಾತು ಆಡಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸಿ ಉತ್ತರ ಕೊಡು.

ನಿಯಮದ ಹಾಳೆಗೆ ಸಹಿ ಹಾಕಿದ್ದು ಸರಿ. ಎಂಟು ಸಲವೂ ನಾನು ಹಾಕಿದ್ದೇನೆ. ಕೋಣೆಯ ಮಾತು ಕೋಣೆಯಲ್ಲೇ ಇರಬೇಕು. ಇನ್ನೂರು ಜನ ಇನ್ನೂರು ಥರ ಅಂದುಕೊಂಡು ನಿನ್ನ ಕೈ ಕಟ್ಟುತ್ತಾರೆ. ಹೊರಗೆ ಯಾರು ಕೇಳಿದರೂ ‘ನಡೀತಾ ಇದೆ’ ಎನ್ನು.

ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಕೊನೆಗೆ ನೀನು ಕೇಳಿದ್ದು ಹಳೆಯ ಮಾತು, ಬಿಡು.

ಅಪ್ಪ


ಏಪ್ರಿಲ್ 8, ಭಾನುವಾರ

ಅಪ್ಪನಿಗೆ,

ನಾಲ್ಕು ಸಲ ಕೂತೆವು. ಅವರು ಎರಡು ರೋಲರಿಗೆ ತಡೆಕಂಬಿ ಕೊಡುತ್ತಾರಂತೆ. ಇಬ್ಬರ ವಿಷಯ ಬಂದರೆ ಗಡಿಯಾರದ ಕಡೆ ನೋಡುತ್ತಾರೆ.

ಹೊರಗೆ ನೀವು ಹೇಳಿದಂತೆಯೇ ಹೇಳುತ್ತಿದ್ದೇನೆ. ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ, ಬಟ್ಟೆ ಬದಲಿಸುವ ಕೋಣೆಯಲ್ಲಿ. ‘ಏನಾಯ್ತು?’ ‘ನಡೀತಾ ಇದೆ.’ ಮೊದಲ ವಾರ ಹತ್ತು ಜನ ಕೇಳುತ್ತಿದ್ದರು. ಈಗ ಯಾರೂ ಕೇಳುವುದಿಲ್ಲ. ನಾನು ಬಂದರೆ ಮಾತು ನಿಲ್ಲುತ್ತದೆ.

ಎಡಗೈ ಅಕ್ಕನೂ ಸುಮ್ಮನಾಗಿದ್ದಾಳೆ. ನಿಮ್ಮ ಮಗ್ಗದ ಶೆಡ್ಡಿನಲ್ಲಿ ನೀವು ಮಾಡುತ್ತಿದ್ದಂತೆ ನಾವೂ ಸದ್ದಿಲ್ಲದೆ ತುಟಿಯಲ್ಲೇ ಮಾತಾಡುತ್ತೇವೆ. ಚಿಕ್ಕವಳಿದ್ದಾಗ ನೀವು ಕಲಿಸಿದ್ದನ್ನು ನಾನೇ ಅವಳಿಗೆ ಕಲಿಸಿದೆ. ಶೀಟಿನ ಆ ತುದಿಯಿಂದ ದಿನವಿಡೀ ಮೇಸ್ತ್ರಿಯ ನಡಿಗೆಯನ್ನು ಅಣಕಿಸುತ್ತಿದ್ದವಳು ಈಗ ತನ್ನ ಮೂಲೆಯನ್ನಷ್ಟೇ ನೋಡುತ್ತಾಳೆ.

ಕಳೆದ ಭಾನುವಾರ ಸರ್ವಸದಸ್ಯರ ಸಭೆ ಕರೆದೆವು. ಬಂದವರು ಮೂವತ್ತನಾಲ್ಕು. ಅದರಲ್ಲಿ ಆರು ಜನ ಫ್ಯಾನಿನ ಕೆಳಗೆ ಕೂರಲು ಬಂದವರು ಎಂದು ಬಾಯ್ಲರ್ ಅಣ್ಣನ ಲೆಕ್ಕ. ಅವನು ನಮ್ಮ ಐವರಲ್ಲಿ ಒಬ್ಬ, ಬಾಯ್ಲರ್ ನೋಡಿಕೊಳ್ಳುತ್ತಾನೆ. ಅವನೂ ನಗಲಿಲ್ಲ.

ನಿನ್ನೆ ಗಡಿಯಾರ ಸಾಹೇಬರು ಬಹಳ ಮೃದುವಾಗಿ ಕೇಳಿದರು. ‘ಎಲ್ಲಾ ಸರಿ ಕಣಮ್ಮ. ನಾಳೆ ನಾನು ಆಗಲ್ಲ ಅಂದ್ರೆ ನಿನ್ನ ಜೊತೆ ಕೆಲಸ ನಿಲ್ಲಿಸೋರು ಎಷ್ಟು ಜನ?’

ನಾನು ಹತ್ತು ಎಣಿಸಲಿಲ್ಲ. ‘ಎಲ್ಲರೂ’ ಅಂದೆ.

ಅವರು ಅದನ್ನು ಬರೆದುಕೊಂಡರು. ಅಪ್ಪ, ನನಗೆ ನಿಜವಾಗಿ ಗೊತ್ತಿಲ್ಲ. ನಲವತ್ತು ಜನ ಬಂದು ಉಳಿದವರು ಒಳಗೆ ಹೋದರೆ, ಆ ನಲವತ್ತು ಜನರ ಕೆಲಸ ಅವತ್ತೇ ಹೋಗುತ್ತದೆ. ಅವರನ್ನು ಕರೆದವಳು ನಾನಾಗಿರುತ್ತೇನೆ.

ನಿಮ್ಮ ಮಗಳು


ಏಪ್ರಿಲ್ 16

ಮಗಳೇ,

ತೂಗಿ ನೋಡದೆ ‘ಎಲ್ಲರೂ’ ಅನ್ನಬಾರದಿತ್ತು. ಅಂದದ್ದಾಯಿತು. ಈಗ ತೂಗು.

ಸಭೆಯಲ್ಲಿ ಕೈ ಎತ್ತಿಸಬೇಡ. ಕೈ ಎತ್ತುವುದು ಸುಲಭ, ಇಳಿಸುವುದೂ ಅಷ್ಟೇ ಸುಲಭ. ನಮ್ಮ ಮಿಲ್ಲಿನಲ್ಲಿ ಒಂದು ಪದ್ಧತಿ ಇತ್ತು. ಊಟದ ಡಬ್ಬಿಗಳನ್ನು ಎಲ್ಲರೂ ಒಂದು ಕಡೆ ಇಡುತ್ತಿದ್ದೆವಲ್ಲ. ಗೊತ್ತು ಮಾಡಿದ ದಿನ ಇನ್ನೊಂದು ಕಡೆ ಇಡುವುದು. ಘೋಷಣೆ ಇಲ್ಲ, ಚೀಟಿ ಇಲ್ಲ. ಡಬ್ಬಿ ಎಲ್ಲಿಟ್ಟೆ ಎಂದು ಯಾರನ್ನೂ ಕೆಲಸದಿಂದ ತೆಗೆಯಲಾಗದು. ಆದರೂ ಇಡುವವನಿಗೆ ಒಂದು ಕ್ಷಣ ಕೈ ನಡುಗುತ್ತದೆ. ಆ ನಡುಕವನ್ನು ದಾಟಿ ಇಟ್ಟವನು ಗೇಟಿನ ಹೊರಗೂ ನಿಲ್ಲುತ್ತಾನೆ. ಡಬ್ಬಿ ಎಣಿಸಿದರೆ ನಿನ್ನ ಬಲ ಗೊತ್ತಾಗುತ್ತದೆ.

ಮೊದಲ ಏಳು ಸಲ ನಾವು ಹೀಗೇ ಎಣಿಸಿದೆವು.

ಅಪ್ಪ


ಏಪ್ರಿಲ್ 29, ಭಾನುವಾರ

ಅಪ್ಪನಿಗೆ,

ಮೊನ್ನೆ ಸೋಮವಾರದಿಂದ ಒಬ್ಬರಿಂದ ಒಬ್ಬರಿಗೆ ಒಂದೇ ಮಾತು ದಾಟಿಸಿದೆವು. ಗುರುವಾರ ಡಬ್ಬಿ ಕಿಟಕಿ ಕಡೆ. ನಮ್ಮ ಕ್ಯಾಂಟೀನಿನಲ್ಲಿ ಎಲ್ಲರೂ ನಲ್ಲಿಯ ಪಕ್ಕದ ಹಲಗೆಯ ಮೇಲೆ ಡಬ್ಬಿ ಇಡುತ್ತಾರೆ. ಕಿಟಕಿಯ ಕಡೆಯ ಹಲಗೆ ಖಾಲಿ ಇರುತ್ತದೆ, ಅಲ್ಲಿ ಬಿಸಿಲು ಬೀಳುತ್ತದೆ ಎಂದು.

ಮೊದಲ ಪಾಳಿಯನ್ನು ನಾನು ಎಣಿಸಿದೆ, ಎರಡನೆಯದನ್ನು ಬಾಯ್ಲರ್ ಅಣ್ಣ. ಒಟ್ಟು ತೊಂಬತ್ತೊಂದು. ಇನ್ನೂರ ಮೂವತ್ತೊಂದು ಚೀಟಿಗಳಿಗೆ ತೊಂಬತ್ತೊಂದು ಡಬ್ಬಿ.

ಉಳಿದವು ನಲ್ಲಿಯ ಪಕ್ಕದಲ್ಲಿ, ಎಂದಿನ ಜಾಗದಲ್ಲೇ ಇದ್ದವು. ಎಡಗೈ ಅಕ್ಕನ ಹಸಿರು ಮುಚ್ಚಳದ ಡಬ್ಬಿಯೂ. ನಾನು ಅದನ್ನು ಎರಡು ಸಲ ನೋಡಿದೆ, ಬೇರೆ ಯಾರದ್ದಾದರೂ ಇರಬಹುದೆಂದು.

ಹನ್ನೆರಡೂಕಾಲಿಗೆ ಗಡಿಯಾರ ಸಾಹೇಬರು ಕ್ಯಾಂಟೀನಿಗೆ ಬಂದರು. ಎರಡು ವರ್ಷದಲ್ಲಿ ಒಮ್ಮೆಯೂ ಬಂದವರಲ್ಲ. ಒಂದು ಲೋಟ ನೀರು ತೆಗೆದುಕೊಂಡು ನಡುವೆ ನಿಂತು ನಿಧಾನವಾಗಿ ಕುಡಿದರು. ಒಮ್ಮೆ ನಲ್ಲಿಯ ಕಡೆ ನೋಡಿದರು, ಒಮ್ಮೆ ಕಿಟಕಿಯ ಕಡೆ. ಒಳಗಿದ್ದವರು ಅಗಿಯುವುದನ್ನೂ ನಿಲ್ಲಿಸಿದ್ದರು.

ಶುಕ್ರವಾರದ ಮಾತುಕತೆಗೆ ಅವರು ಗಡಿಯಾರ ಬಿಚ್ಚಲೇ ಇಲ್ಲ. ಕೂತ ಕೂಡಲೇ ‘ತೊಂಬತ್ತೊಂದು’ ಅಂದರು. ಅಷ್ಟೇ. ಆಮೇಲೆ ಹಿಂದಿನ ಪ್ರಸ್ತಾಪ ವಾಪಸ್ ತೆಗೆದುಕೊಂಡರು. ತಡೆಕಂಬಿ ಅವರಿಗೆ ಅನುಕೂಲವಾದಾಗ ಹಾಕುತ್ತಾರೆ. ಜುಲೈ ಒಂದರಿಂದ ಆರು ರೋಲರಿಗೂ ಕ್ಲಿಪ್, ಒಂದಕ್ಕೆ ಒಬ್ಬಳೇ. ಎಡಮೂಲೆಯವರೆಲ್ಲ ಹೆಚ್ಚುವರಿ.

ಇನ್ನೊಂದು. ಇದನ್ನು ಅಣ್ಣ, ಅತ್ತಿಗೆಗೆ ಹೇಳಬೇಡಿ. ಗುರುವಾರ ಸಂಜೆ ನೋಡಿದರೆ ಕಿಟಕಿಯ ಹಲಗೆಯ ಮೇಲೆ ನನ್ನ ಡಬ್ಬಿ ಇರಲಿಲ್ಲ. ಶನಿವಾರ ಬೆಳಗ್ಗೆ ಬಾಗಿಲು ತೆಗೆದರೆ ಅದು ನಮ್ಮ ಮನೆಯ ಹೊಸ್ತಿಲ ಮುಂದೆ ಇತ್ತು. ಖಾಲಿ, ತೊಳೆದು ಒರೆಸಿದ್ದು. ಚೀಟಿ ಇಲ್ಲ, ಏನೂ ಇಲ್ಲ. ನಮ್ಮ ಬೀದಿ ಮುಖ್ಯರಸ್ತೆಯಿಂದ ಮೂರು ತಿರುವು ಒಳಗಿದೆ. ಅಲ್ಲಿಯವರೆಗೆ ಹುಡುಕಿಕೊಂಡು ಬಂದವರು ಬಾಗಿಲು ತಟ್ಟದೆ ಹೋಗಿದ್ದಾರೆ. ನನ್ನ ಮನೆಯವರು ಲಾರಿ ತೆಗೆದುಕೊಂಡು ಹೋದರೆ ಬರುವುದು ನಾಲ್ಕು ದಿನಕ್ಕೆ. ಅದೂ ಗೊತ್ತಿದ್ದೇ ಇಟ್ಟಿದ್ದಾರೆ ಅನ್ನಿಸುತ್ತದೆ.

ಆ ಡಬ್ಬಿಯನ್ನು ಮುಟ್ಟಲು ಮನಸ್ಸಾಗದೆ ಬಟ್ಟೆಯಲ್ಲಿ ಸುತ್ತಿ ಮೇಲಿನ ಕಪಾಟಿನಲ್ಲಿಟ್ಟಿದ್ದೇನೆ. ಊಟವನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗುತ್ತೇನೆ.

ನಿಮ್ಮ ಮಗಳು


ಮೇ 5

ಮಗಳೇ,

ಸಹಿ ಹಾಕಿಬಿಡು. ಅವರು ಏನು ಕೊಡುತ್ತಾರೋ ಅದಕ್ಕೆ ಸಹಿ ಹಾಕು, ಕಾರ್ಯದರ್ಶಿ ಕೆಲಸ ಬಿಡು. ನಿನ್ನ ಮನೆಯವರು ಬರುವವರೆಗೆ ಇಲ್ಲಿಗೆ ಬಂದಿರು. ಅತ್ತಿಗೆಗೆ ನಾನು ಏನೋ ಒಂದು ಹೇಳುತ್ತೇನೆ.

ಡಬ್ಬಿಯ ಉಪಾಯ ನಾನು ಹೇಳಬಾರದಿತ್ತು. ತಕ್ಕಡಿ ಇಟ್ಟರೆ ಮುಳ್ಳು ಎರಡೂ ಕಡೆಯವರಿಗೆ ಕಾಣುತ್ತದೆ. ನಮ್ಮಲ್ಲಿ ಆರುನೂರಕ್ಕೆ ಐನೂರು ಮೀರಿ ಬರುತ್ತಿದ್ದವು, ಅದಕ್ಕೇ ನನಗೆ ಅದು ಹೊಳೆದಿರಲಿಲ್ಲ.

ಬಾಗಿಲಿಗೆ ಒಳಗಿನಿಂದ ಇನ್ನೊಂದು ಚಿಲಕ ಹಾಕಿಸು. ಪತ್ರ ಬರೆ, ಒಂದು ಸಾಲಾದರೂ.

ಅಪ್ಪ


ಮೇ 27, ಭಾನುವಾರ

ಅಪ್ಪನಿಗೆ,

ನಾಲ್ಕು ವಾರ ಬರೆಯಲಿಲ್ಲ, ನಿಮ್ಮನ್ನು ಹೆದರಿಸಿದೆ, ಗೊತ್ತು. ಬರೆಯಲು ಕೂತಾಗಲೆಲ್ಲ ನಿಮ್ಮ ಹಿಂದಿನ ಪತ್ರದ ಮೊದಲ ಸಾಲಿನ ಮುಂದೆ ಪೆನ್ನು ನಿಲ್ಲುತ್ತಿತ್ತು. ನೀವು ‘ಸಹಿ ಹಾಕಿಬಿಡು’ ಎಂದದ್ದನ್ನು ನಾನು ಇದುವರೆಗೆ ಕಂಡಿರಲಿಲ್ಲ.

ಡಬ್ಬಿ ಇಟ್ಟವರು ಯಾರೆಂದು ಗೊತ್ತಾಯಿತು. ಅದನ್ನು ಮೊದಲು ಹೇಳುತ್ತೇನೆ.

ಮಂಗಳವಾರ ರೋಲರಿನ ಮುಂದೆ ನಿಂತಿದ್ದಾಗ ಎಡಗೈ ಅಕ್ಕನ ತುಟಿ ಆಡಿತು. ಎರಡು ತಿಂಗಳ ಮೇಲೆ ಮೊದಲ ಮಾತು.

‘ಡಬ್ಬಿಗೆ ಏನಾಯ್ತೇ? ಕಾಗದದಲ್ಲಿ ಕಟ್ಕೊಂಡು ಬರ್ತೀಯಲ್ಲ.’

‘ಯಾವ ಡಬ್ಬಿ?’

‘ನಿಂದು. ಹೊಸ್ತಿಲ ಮೇಲಿಟ್ಟು ಬಂದ್ನಲ್ಲ.’

ನನ್ನ ಕೈಯಲ್ಲಿದ್ದ ಮೂಲೆ ಜಾರಿತು, ಶೀಟು ಸೊಟ್ಟಗೆ ಒಳಗೆ ಹೋಯಿತು. ಇಬ್ಬರೂ ಅದನ್ನು ಬಿಡಿಸುವ ನೆಪದಲ್ಲಿ ಹತ್ತಿರ ಬಂದೆವು. ಗುರುವಾರ ಮೇಸ್ತ್ರಿ ಫೋನಿನಲ್ಲಿ ಕಿಟಕಿಯ ಹಲಗೆಯ ಫೋಟೋ ತೆಗೆಯಲು ಹೊರಟಿದ್ದನಂತೆ.

‘ಮುಚ್ಚಳದ ಮೇಲೆ ಹೆಸರು ಕೆತ್ತಿಸ್ಕೊಂಡಿದೀಯಲ್ಲ. ಫೋಟೋದಲ್ಲಿ ಬಂದ್ಬಿಟ್ರೆ ಅಂತ ಎತ್ಕೊಂಡು ಸೆರಗಲ್ಲಿ ಮುಚ್ಕೊಂಡೆ.’

‘ಅಕ್ಕ, ನಾನು ಕಾರ್ಯದರ್ಶಿ. ಎದುರಿಗೇ ಕೂತ್ಕೊಂಡು ಮಾತಾಡ್ತೀನಿ. ನನ್ನ ಹೆಸರು ಅವರಿಗೆ ಗೊತ್ತಿಲ್ವಾ?’

‘ಅದು ಮನೆಗೆ ಹೋದ್ಮೇಲೆ ಹೊಳೀತು.’

‘ಮತ್ತೆ ಬಾಗಿಲು ತಟ್ಟೋದಲ್ವಾ? ಒಂದು ತಿಂಗಳು ನಿದ್ದೆ ಮಾಡಿಲ್ಲ ನಾನು.’

‘ನಿಮ್ಮನೆಗೆ ಹೋಗಿದ್ದು ಯಾರಾದ್ರೂ ನೋಡಿದ್ರೆ? ನನ್ನ ಹೆಸ್ರೂ ಬರ್ಕೊಳ್ತಾರೆ. ನಾನೂ ನಿದ್ದೆ ಮಾಡಿಲ್ಲ, ಸುಮ್ನಿರು.’

‘ತೊಳೆದು ಬೇರೆ ಇಟ್ಟಿದೀಯ.’

‘ಇನ್ನೇನು, ಎಂಜಲು ಡಬ್ಬಿ ಇಡ್ಲಾ?’

ನಾನು ನಕ್ಕೆ. ಅವಳು ನಗಲಿಲ್ಲ. ಮುಂದಿನ ಶೀಟಿನ ಮೂಲೆ ನನ್ನ ಕಡೆ ಎಸೆದು ಕೇಳಿದಳು. ‘ಸಹಿ ಆಗೋಯ್ತಂತೆ, ಹೌದಾ? ಒಬ್ಬೊಬ್ಬಳೇ ಅಂತ. ನಿಮ್ಮೈದು ಜನಕ್ಕೆ ಮಾತ್ರ ಏನೂ ಆಗಲ್ಲವಂತೆ.’

‘ಯಾರು ಹೇಳಿದ್ದು?’

‘ಯಾರು ಹೇಳ್ಬೇಕು? ನೀವು ಮೇಲೆ ಹೋಗ್ತೀರ, ಬಾಗಿಲು ಹಾಕ್ಕೋತೀರ, ಇಳಿದು ಬಂದು ನಡೀತಾ ಇದೆ ಅಂತೀರ. ಉಳಿದಿದ್ದು ನಾವೇ ಕಟ್ಕೋತೀವಿ. ಏನು ನಡೀತಿದೆ ಅಂತಾನೇ ಗೊತ್ತಿಲ್ದೆ ಡಬ್ಬಿ ಯಾಕೆ ಆ ಕಡೆ ಇಡ್ಲಿ ನಾನು? ಯಾರನ್ನ ತೆಗೀಬೇಕು ಅಂತ ಪಟ್ಟಿ ಮಾಡೋಕೆ ಡಬ್ಬಿ ಇಡಿಸ್ತಿದೀರ ಅಂತ ನಮ್ಮ ಸಾಲಲ್ಲಿ ಎಲ್ರೂ ಅಂದ್ಕೊಂಡಿದ್ರು.’

ಹದಿನೆಂಟು ವರ್ಷ ನನ್ನ ಎದುರು ನಿಂತವಳು. ಅವಳ ಮೂಲೆಯೇ ಹೋಗುವುದರಲ್ಲಿದೆ, ಅದನ್ನು ಉಳಿಸಲು ನಾನು ಕೂತಿದ್ದೇನೆ. ಅದನ್ನು ಅವಳಿಗೇ ಹೇಳುವಂತಿಲ್ಲ ಎಂದು ಸಹಿ ಹಾಕಿಕೊಟ್ಟಿದ್ದೇನೆ. ತುಟಿಯವರೆಗೆ ಬಂದದ್ದನ್ನು ನುಂಗಿದೆ. ಅವಳಿಗೆ ತುಟಿ ಓದಲು ಬರುತ್ತದೆ, ನುಂಗಿದ್ದನ್ನೂ ಓದಿರಬೇಕು. ಆಮೇಲೆ ಪಾಳಿ ಮುಗಿಯುವವರೆಗೆ ನನ್ನ ಕಡೆ ನೋಡಲಿಲ್ಲ.

ಗಾಳಿಸುದ್ದಿಯಲ್ಲೂ ಅರ್ಧ ನಿಜವಿತ್ತು ಎಂಬುದು ಶುಕ್ರವಾರ ತಿಳಿಯಿತು. ಗಡಿಯಾರ ಸಾಹೇಬರು ನನ್ನೊಬ್ಬಳನ್ನೇ ಕರೆದರು. ಜೂನ್ ಹದಿನೈದರೊಳಗೆ ಸಹಿ ಬಿದ್ದರೆ ನಮ್ಮ ಐವರ ಕೆಲಸಕ್ಕೆ ಮೂರು ವರ್ಷ ಯಾರೂ ಕೈ ಹಾಕುವುದಿಲ್ಲ, ಬರೆದುಕೊಡುತ್ತಾರಂತೆ. ಇಲ್ಲದಿದ್ದರೆ? ‘ಜುಲೈನಲ್ಲಿ ಒಪ್ಪಂದವೇ ಇರಲ್ಲಮ್ಮ. ಒಪ್ಪಂದ ಇಲ್ದಿದ್ರೆ ನಾನು ಯಾರ ಜೊತೆ ಮಾತಾಡ್ಬೇಕು?’

ನಾನು ಬೇಡ ಎನ್ನಲಿಲ್ಲ, ಅಪ್ಪ. ಅದನ್ನು ನಿಮಗಲ್ಲದೆ ಬೇರೆ ಯಾರಿಗೂ ಹೇಳುವ ಧೈರ್ಯವಿಲ್ಲ. ಮನೆಗೆ ಬಂದು, ಮೂರು ವರ್ಷ ಅಂದರೆ ಎಷ್ಟು ಎಂದು ಯೋಚಿಸುತ್ತಾ ಕೂತಿದ್ದೆ.

ಈಗ ನಿಮ್ಮನ್ನು ಮತ್ತೆ ಕೇಳುತ್ತೇನೆ. ಮೊದಲ ಏಳು ಸಲ ಡಬ್ಬಿ ಎಣಿಸಿದೆವು ಎಂದು ಬರೆದಿದ್ದೀರಿ. ಎಂಟನೆಯ ಸಲ ಯಾಕೆ ಎಣಿಸಲಿಲ್ಲ?

ನಿಮ್ಮ ಮಗಳು


ಜೂನ್ 4

ಮಗಳೇ,

ಡಬ್ಬಿ ಇಟ್ಟದ್ದು ಎಡಗೈ ಅಕ್ಕನೇ ಎಂದು ಓದಿ ಸ್ವಲ್ಪ ಹೊತ್ತು ಕಾಗದ ಕೆಳಗಿಟ್ಟೆ. ನಿನ್ನ ಅತ್ತಿಗೆ ‘ಯಾಕೆ ಮಾವ, ಏನಾಯ್ತು?’ ಎಂದು ಕೇಳಿದಳಂತೆ, ನಾನು ನೋಡಲಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ. ಎಂಟನೆಯ ಒಪ್ಪಂದದಲ್ಲಿ ನಮ್ಮ ಬೇಡಿಕೆ ಎರಡು. ಒಂದು ಸಂಬಳ. ಇನ್ನೊಂದು ಕಿವಿ. ಎಲ್ಲರಿಗೂ ಕಿವಿಗೆ ಮುಚ್ಚಳ, ಶೆಡ್ಡಿನ ಛಾವಣಿಗೆ ಸದ್ದು ಹೀರುವ ಹಲಗೆ, ವರ್ಷಕ್ಕೊಮ್ಮೆ ಪರೀಕ್ಷೆ. ಹದಿನೈದು ವರ್ಷ ಮಗ್ಗದ ಮುಂದೆ ನಿಂತವರಿಗೆ ಅಷ್ಟರಲ್ಲಾಗಲೇ ಕಿವಿಯಲ್ಲಿ ಗುಂಯ್ ಎನ್ನಲು ಶುರುವಾಗಿತ್ತು. ನನಗೂ.

ಐದನೆಯ ದಿನ ಮಿಲ್ಲಿನ ಮ್ಯಾನೇಜರ್ ನನ್ನನ್ನು ಕೇಳಿದ್ದು ನಿನ್ನ ಸಾಹೇಬರು ಕೇಳಿದ್ದನ್ನೇ. ‘ಸಂಬಳಕ್ಕೆ ನಿಲ್ತಾರೆ, ಒಪ್ಪಿದೆ. ಕಿವಿಗೋಸ್ಕರ ಗೇಟಿನ ಹೊರಗೆ ನಿಲ್ಲೋರು ಎಷ್ಟು ಜನಪ್ಪ?’ ಕೆಳಗೆ ಹೋಗಿ ಜನರಿಗೆ ವಿಷಯ ಹೇಳಬಹುದಿತ್ತು. ಒಂದು ದಿನ ಡಬ್ಬಿ ಇಡಿಸಬಹುದಿತ್ತು. ಹೋಗಲಿಲ್ಲ. ಕೋಣೆಯ ನಿಯಮ ಅಡ್ಡ ಬಂತು ಎಂದು ಎಲ್ಲರಿಗೂ ಹೇಳಿದೆ, ನಿನ್ನ ಅಮ್ಮನಿಗೂ ಅದನ್ನೇ ಹೇಳಿದೆ. ನಿಜವೆಂದರೆ ಹೆದರಿದೆ. ಮ್ಯಾನೇಜರಿಗಲ್ಲ. ಇನ್ನೂರು ಡಬ್ಬಿ ಬಂದುಬಿಟ್ಟರೆ ಎಂದು ಹೆದರಿದೆ. ಏಳು ಸಲ ಗೆದ್ದವನ ಹಿಂದೆ ಇನ್ನೂರೇ ಜನ ಎಂದು ನನಗೇ ಗೊತ್ತಾಗುವುದು ಬೇಡವಾಗಿತ್ತು. ಆ ಮಧ್ಯಾಹ್ನ ಕಿವಿಯ ಕಲಮನ್ನು ಹೊಡೆದುಹಾಕಿ ಸಂಬಳಕ್ಕೆ ಸಹಿ ಹಾಕಿದೆ. ಮೆಟ್ಟಿಲಿಳಿದು ಬಂದಾಗ ಜನ ನನ್ನನ್ನು ಹೆಗಲ ಮೇಲೆ ಹೊತ್ತರು. ಕಿವಿಯದು ಏನಾಯಿತು ಎಂದು ಯಾರೋ ಕೇಳಿದ್ದಕ್ಕೆ, ಅದು ಎಂದೂ ಸಿಗುತ್ತಿರಲಿಲ್ಲ ಎಂದೆ.

ನಿವೃತ್ತಿಯಾದ ಮೇಲೆ ಒಮ್ಮೆ ಚಹಾದಂಗಡಿಯಲ್ಲಿ ನಮ್ಮ ಶೆಡ್ಡಿನ ಹಳಬರು ಇಬ್ಬರು ಕೂತಿದ್ದರು. ಇಬ್ಬರೂ ನನ್ನ ಹಾಗೇ ಕಿವುಡರು, ಹಳೆಯ ಅಭ್ಯಾಸದಂತೆ ತುಟಿಯಲ್ಲೇ ಮಾತಾಡುತ್ತಿದ್ದರು. ನಾನು ಹಿಂದಿನ ಮೇಜಿನಲ್ಲಿದ್ದೆ, ಎದುರಿನ ಕನ್ನಡಿಯಲ್ಲಿ ಅವರ ಮುಖ ಕಾಣುತ್ತಿತ್ತು. ಒಬ್ಬ ಅಂದ. ‘ಅವತ್ತು ಕೆಳಗೆ ಬಂದು ಒಂದು ಮಾತು ಹೇಳಿದ್ರೆ ನಿಲ್ತಿದ್ವಲ್ಲೋ.’ ಇನ್ನೊಬ್ಬ ತಲೆ ಆಡಿಸಿದ. ಸಿಟ್ಟಿನಿಂದೇನೂ ಅಲ್ಲ, ಮಳೆ ಬಂದಿದ್ದರೆ ಬೆಳೆ ಆಗುತ್ತಿತ್ತು ಅನ್ನುವ ಹಾಗೆ. ನಾನು ಚಹಾ ಮುಗಿಸದೆ ಎದ್ದುಬಂದೆ.

ನಿಲ್ಲುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ಅದೇ ಶಿಕ್ಷೆ.

ಸಹಿ ಹಾಕಿಬಿಡು ಎಂದು ಬರೆದದ್ದು ಅದೇ ಭಯ, ಮಗಳೇ. ಅದನ್ನು ನನ್ನ ಬುದ್ಧಿ ಎಂದುಕೊಳ್ಳಬೇಡ. ಈಗ ನಿನಗೆ ಕೊಡಲು ನನ್ನ ಬಳಿ ಯಾವ ಉಪಾಯವೂ ಇಲ್ಲ.

ಅಪ್ಪ


ಜೂನ್ 10, ಭಾನುವಾರ, ಸಂಜೆ

ಅಪ್ಪನಿಗೆ,

ನಿಮ್ಮ ಪತ್ರ ಬುಧವಾರ ಬಂತು. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ, ಎದುರಿಗೆ ಬಂದು ಕೂರುತ್ತೇನೆ. ನೀವು ನನ್ನ ತುಟಿ ನೋಡಿದರೆ ಸಾಕು.

ಅವತ್ತೇ ನಿಯಮದ ಹಾಳೆಯನ್ನು ಹೊರತೆಗೆದು ಮೊದಲ ಸಲ ಕೊನೆಯವರೆಗೆ ಓದಿದೆ. ಮಾರ್ಚಿನಲ್ಲಿ ಸಹಿಯ ಜಾಗ ಹುಡುಕಿದ್ದೆನೇ ಹೊರತು ಓದಿರಲಿಲ್ಲ. ಕೊನೆಯ ಸಾಲು ಹೀಗಿದೆ: ಯಾವುದೇ ಒಂದು ಕಡೆಯವರು ಲಿಖಿತವಾಗಿ ತಿಳಿಸಿ ಈ ನಿಯಮಗಳಿಂದ ಹೊರಬರಬಹುದು. ಒಂದು ಸಾಲು, ಅಷ್ಟೇ. ನಿಮ್ಮ ಹಾಳೆಯಲ್ಲೂ ಇತ್ತೋ ಏನೋ.

ನಿನ್ನೆ ಮಧ್ಯಾಹ್ನ ಐವರೂ ಬಾಯ್ಲರ್ ಅಣ್ಣನ ಮನೆಯಲ್ಲಿ ಸೇರಿದೆವು. ಸಾಹೇಬರು ನನಗೆ ಕೊಟ್ಟ ಆಸೆಯನ್ನೂ, ನಾನು ಬೇಡ ಅನ್ನದೆ ಬಂದದ್ದನ್ನೂ ಹೇಳಿದೆ. ಯಾರೂ ನನ್ನ ಮುಖ ನೋಡಲಿಲ್ಲ. ಆಮೇಲೆ ತಿಳಿದದ್ದು, ಅದೇ ಮಾತನ್ನು ಅವರು ಐವರಿಗೂ ಬೇರೆ ಬೇರೆ ಕರೆದು ಹೇಳಿದ್ದರು. ಐವರೂ ಬಾಯಿ ಬಿಟ್ಟಿರಲಿಲ್ಲ. ‘ನಮ್ಮ ಐದು ಜನರ ಮಧ್ಯೇನೂ ಒಂದು ಬಾಗಿಲು ಹಾಕಿದ್ನಲ್ಲ ಪುಣ್ಯಾತ್ಮ’ ಅಂದ ಬಾಯ್ಲರ್ ಅಣ್ಣ. ನಿಯಮದಿಂದ ಹೊರಬರುವುದಕ್ಕೆ ಮೂವರು ಹೂಂ ಎಂದರು, ಇಬ್ಬರು ಬೇಡ ಎಂದರು. ಬೇಡ ಎಂದವರಲ್ಲಿ ಒಬ್ಬರಿಗೆ ಮುಂದಿನ ತಿಂಗಳು ಮಗಳ ಮದುವೆ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಮುಂದಿನ ಮಾತುಕತೆ ನಾಳೆ ಸೋಮವಾರ ಎರಡೂವರೆಗೆ, ಪಾಳಿ ಬದಲಾಗುವ ಹೊತ್ತಿಗೆ. ಒಬ್ಬರು ಬಿಡುತ್ತಿರುತ್ತಾರೆ, ಒಬ್ಬರು ಬರುತ್ತಿರುತ್ತಾರೆ, ಎರಡೂ ಪಾಳಿ ಕಟ್ಟಡದಲ್ಲೇ ಇರುತ್ತದೆ. ಕೂತ ಕೂಡಲೇ ಆ ಒಂದು ಸಾಲಿನ ಚೀಟಿ ಕೊಡುತ್ತೇನೆ. ಆಮೇಲೆ ಯಾರು ಬೇಕಾದರೂ ಮೇಲೆ ಬಂದು ನಿಂತು ಎಲ್ಲವನ್ನೂ ಕೇಳಿಸಿಕೊಳ್ಳಬಹುದು.

ಕುರ್ಚಿಯ ವಿಷಯಕ್ಕೆ ಅರ್ಧ ಗಂಟೆ ಜಗಳವಾಯಿತು. ಐವತ್ತು ಕುರ್ಚಿ ಹಾಕಿಸಿ ಹತ್ತು ಜನ ಬಂದರೆ ನಲವತ್ತು ಖಾಲಿ ಕುರ್ಚಿಗಳನ್ನು ಗಡಿಯಾರ ಸಾಹೇಬರು ಎಣಿಸುತ್ತಾರೆ. ಹತ್ತೇ ಹಾಕಿಸಿದರೆ ನಮಗೇ ನಂಬಿಕೆ ಇಲ್ಲ ಎಂದಾಗುತ್ತದೆ. ಇವತ್ತು ಬೆಳಗ್ಗೆ ಅದನ್ನು ಎಡಗೈ ಅಕ್ಕನಿಗೆ ಹೇಳಿದೆ. ಅವಳ ಮನೆಯ ಬಾಗಿಲನ್ನು ಹಾಡಹಗಲಲ್ಲೇ ತಟ್ಟಿದೆ. ಅವಳು ಬೀದಿಯ ಆ ತುದಿ ಈ ತುದಿ ನೋಡಿ ಒಳಗೆ ಎಳೆದುಕೊಂಡಳು. ಚೀಟಿ ಕೊಡಲು ಇನ್ನೂ ಒಂದು ದಿನವಿದೆ ಎಂದು ಗೊತ್ತಿದ್ದೂ, ಮಾರ್ಚಿನಿಂದ ಇಲ್ಲಿಯವರೆಗೆ ಕೋಣೆಯಲ್ಲಿ ಆದದ್ದನ್ನೆಲ್ಲ ಬಾಯಿಬಿಟ್ಟು, ದನಿ ತೆಗೆದು ಹೇಳಿದೆ. ಎಡಮೂಲೆಯವರೆಲ್ಲ ಹೆಚ್ಚುವರಿ ಎಂದಾಗ ತನ್ನ ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡಳು. ಆಮೇಲೆ ಅಂದದ್ದು ಇಷ್ಟು.

‘ಕುರ್ಚಿ ಯಾಕೆ ಬೇಕು? ನಾವೇನು ಊಟಕ್ಕೆ ಬರ್ತೀವಾ? ನಿಂತ್ಕೊಂಡೋರನ್ನ ಎಣಿಸೋದು ಕಷ್ಟ. ಹಿಂದೆ ಮೆಟ್ಟಿಲ ಮೇಲೆ ಎಷ್ಟಿದಾರೆ ಅಂತ ಅವರಿಗೇನು ಕಾಣುತ್ತೆ?’

‘ನೀನು ಬರ್ತೀಯಾ?’

‘ಇನ್ನೂ ಹೇಳಲ್ಲ’ ಅಂದಳು. ಆದರೆ ಚಪ್ಪಲಿ ಮೆಟ್ಟಿಕೊಂಡು ನನ್ನ ಜೊತೆ ಹೊರಟಳು. ಇಬ್ಬರೂ ಮೂವತ್ತೇಳು ಮನೆ ತಿರುಗಿದೆವು. ಬಾಯ್ಲರ್ ಅಣ್ಣ ಬೇರೆ ದಿಕ್ಕಿಗೆ ಹೋಗಿದ್ದ. ಕೆಲವರು ಒಳಗೆ ಕೂರಿಸಿ ಎಲ್ಲ ಕೇಳಿದರು. ಎರಡನೇ ರೋಲರಿನಾಕೆ ಕೈಯ ಪಟ್ಟಿ ಬಿಚ್ಚಿ ತೋರಿಸಿ, ಬರುತ್ತೇನೆ ಎಂದಳು. ಹನ್ನೊಂದು ಮನೆಯವರು ಒಳಗಿದ್ದೂ ಬಾಗಿಲು ತೆಗೆಯಲಿಲ್ಲ. ಒಂದು ಕಡೆ ಪರದೆ ಆಡಿತು. ಯಾರು ಬರುತ್ತೀರಿ ಎಂದು ಲೆಕ್ಕ ಬರೆದುಕೊಳ್ಳಬೇಡ ಎಂದು ಎಡಗೈ ಅಕ್ಕ ಹೇಳಿದಳು, ಬರೆದುಕೊಂಡಿಲ್ಲ.

ಈ ಪತ್ರ ನಿಮಗೆ ಸಿಗುವ ಹೊತ್ತಿಗೆ ಸೋಮವಾರ ಕಳೆದು ಎರಡು ಮೂರು ದಿನವಾಗಿರುತ್ತದೆ. ನಾಳೆ ಆರೇ ಜನ ಬಂದರೆ ಆ ಆರು ಜನರ ಮುಖ ಅವರಿಗೆ ಕಾಣುತ್ತದೆ, ನಮ್ಮನ್ನೆಲ್ಲ ತೆಗೆಯಲು ಅವರು ಹದಿನೈದನೇ ತಾರೀಕಿನವರೆಗೆ ಕಾಯುವುದೂ ಇಲ್ಲ. ಡಬ್ಬಿಯನ್ನು ಕಪಾಟಿನಿಂದ ಇಳಿಸಿದ್ದೇನೆ, ನಾಳೆ ಅದರಲ್ಲೇ ಊಟ ಒಯ್ಯುತ್ತೇನೆ.

ಆ ಬಾಗಿಲಿಗೆ ಸ್ಪ್ರಿಂಗ್ ಇದೆ ಎಂದು ಬರೆದಿದ್ದೆನಲ್ಲ. ತೆರೆದು ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ಬಟ್ಟೆಯ ಗಾಡಿ ಉರುಳದಂತೆ ಚಕ್ರಕ್ಕೆ ಕೊಡುವ ಮರದ ಬೆಣೆಗಳು ನಮ್ಮ ಹಾಲಿನಲ್ಲಿ ಇರುತ್ತವೆ. ಶನಿವಾರ ಒಂದನ್ನು ತಂದೆ. ನಾಳೆ ಮೇಲೆ ಹೋದ ಕೂಡಲೇ ಬಾಗಿಲನ್ನು ಗೋಡೆಯವರೆಗೆ ತಳ್ಳಿ, ಕೆಳಗೆ ಅದನ್ನು ಕೊಟ್ಟು, ಕಾಲಿನಿಂದ ಒದ್ದು ಬಿಗಿ ಮಾಡುತ್ತೇನೆ. ಆರು ರೋಲರುಗಳ ಸದ್ದೂ ಒಳಗೆ ಬರುತ್ತದೆ, ಸಾಹೇಬರು ಕೂಗಿ ಮಾತಾಡಬೇಕಾಗುತ್ತದೆ. ಯಾರು ಬಂದರೂ, ಬರದಿದ್ದರೂ, ಅದನ್ನು ತೆಗೆಯುವುದಿಲ್ಲ ಎಂದು ತೀರ್ಮಾನಿಸಿದ್ದೇನೆ.

ಬೆಣೆ ಈಗ ಚೀಲದಲ್ಲಿದೆ, ಡಬ್ಬಿಯ ಪಕ್ಕದಲ್ಲಿ.

ನಿಮ್ಮ ಮಗಳು